ಮೆಲೊಟ್ರಾನ್ ಮತ್ತು ಪ್ರೋಗ್ರೆಸಿವ್ ರಾಕ್ ಆಲ್ಬಮ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಲೊಟ್ರಾನ್ ಯಾವ ಬಗೆಯ ವಾದ್ಯ?

ಟೇಪಿನ ಮೇಲೆ ಮೊದಲೇ ಮುದ್ರಿಸಿಟ್ಟ ನಾದಗಳನ್ನು ಕೀಲಿಮಣೆಯಿಂದ ನುಡಿಸುವ ಇಂಗ್ಲೆಂಡಿನ ವಾದ್ಯವಿದು. ದೀರ್ಘವಾದ, ಹಲವು ಭಾಗಗಳ ರಚನೆಗಳನ್ನು ಕಟ್ಟುವ ಪ್ರೋಗ್ರೆಸಿವ್ ರಾಕ್ ಎಂಬ ರಾಕ್ ಶೈಲಿಯ ಆಲ್ಬಮ್‌ಗಳಲ್ಲಿ ಇದು ಹೆಚ್ಚಾಗಿ ಕೇಳಿಬರುತ್ತದೆ. ಅದರ ಮೊದಲ ಮಾದರಿ 1963ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಯಿತು. ಹಾರ್ಮೋನಿಯಂನಲ್ಲಿರುವಂತೆ ರೀಡುಗಳಾಗಲಿ, ಪಿಯಾನೋದಲ್ಲಿರುವಂತೆ ತಂತಿಗಳಾಗಲಿ ಇದರಲ್ಲಿಲ್ಲ. ಸಿಂಥಸೈಜರಿನಂತೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವ್ಯವಸ್ಥೆಯೂ ಇಲ್ಲ. ನಿಜವಾದ ಕಲಾವಿದರು ಪಿಟೀಲು, ಕೊಳಲು, ಚೆಲ್ಲೋ ಮೊದಲಾದವುಗಳ ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ನುಡಿಸಿ ಮುದ್ರಿಸಿದ ಟೇಪುಗಳು ಪೆಟ್ಟಿಗೆಯೊಳಗಿರುತ್ತವೆ. ಇವುಗಳಲ್ಲಿ ಅನೇಕವು ಲಂಡನ್ನಿನ ಐಬಿಸಿ ಸ್ಟುಡಿಯೋದಲ್ಲಿ ಮುದ್ರಣಗೊಂಡವು. ವಾದಕ ಕೀಲಿಮಣೆಯ ಮನೆಯನ್ನು, ಅಂದರೆ ಒಂದು ಕೀಲಿಯನ್ನು, ಒತ್ತಿದಾಗ ಆ ಕಲಾವಿದರ ಸ್ವರವೇ ನಮಗೆ ಕೇಳಿಸುತ್ತದೆ. ಇಂದಿನ ಸ್ಯಾಂಪ್ಲರುಗಳು ಗಣಕದ ನೆನಪಿನ ಕೋಶದಿಂದ ಮಾಡುವ ಕೆಲಸವನ್ನು ಈ ವಾದ್ಯವು ಟೇಪು, ಮೋಟಾರು ಮತ್ತು ಸ್ಪ್ರಿಂಗುಗಳಿಂದ ಮಾಡುತ್ತಿತ್ತು.

ಒಳಗಿನ ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಪ್ರತಿಯೊಂದು ಮನೆಗೂ ಅದರದೇ ಆದ ಟೇಪು, ಟೇಪಿನಲ್ಲಿರುವ ನಾದವನ್ನು ಓದುವ ಟೇಪ್ ಹೆಡ್ ಮತ್ತು ಟೇಪನ್ನು ಒತ್ತಿಹಿಡಿಯುವ ಉರುಳೆ ಇರುತ್ತವೆ. ಕೀಲಿಮಣೆಯ ಅಗಲಕ್ಕೂ ಒಂದು ಲೋಹದ ದಂಡ ಮೋಟಾರಿನ ಬಲದಿಂದ ಒಂದೇ ವೇಗದಲ್ಲಿ ಸದಾ ತಿರುಗುತ್ತಿರುತ್ತದೆ. ಮನೆಯನ್ನು ಒತ್ತಿದೊಡನೆ ಅದರ ಕೆಳಗಿನ ಟೇಪು ಈ ದಂಡಕ್ಕೂ ಹೆಡ್ಡಿಗೂ ತಾಗಿ ಮುಂದಕ್ಕೆ ಓಡತೊಡಗುತ್ತದೆ ಮತ್ತು ಓಡಿದ ಟೇಪು ಕೆಳಗಿನ ಪೆಟ್ಟಿಗೆಯಲ್ಲಿ ಮಡಿಕೆಯಾಗಿ ಬೀಳುತ್ತದೆ. ಬೆರಳು ಎತ್ತಿದಾಗ ಸ್ಪ್ರಿಂಗು ಅದನ್ನು ಮೊದಲಿನ ಜಾಗಕ್ಕೆ ಹಿಂದೆ ಎಳೆದುಕೊಳ್ಳುತ್ತದೆ.

1964ರಲ್ಲಿ ಬಂದ ಮಾರ್ಕ್ 2 ಮಾದರಿಯಲ್ಲಿ ತಲಾ 35 ಮನೆಗಳ ಎರಡು ಕೀಲಿಮಣೆಗಳು ಅಕ್ಕಪಕ್ಕದಲ್ಲಿದ್ದವು, ಅಂದರೆ ಒಟ್ಟು 70 ಟೇಪುಗಳು. ಎಡಭಾಗದಲ್ಲಿ ಸಿದ್ಧ ತಾಳದ ತುಣುಕುಗಳು ಮತ್ತು ಪಕ್ಕವಾದ್ಯದ ನುಡಿಗಳು, ಬಲಭಾಗದಲ್ಲಿ ರಾಗ ನುಡಿಸಲು ಬೇಕಾದ ವಾದ್ಯಗಳ ನಾದ. ಮನೆಯಲ್ಲೋ ಕ್ಲಬ್ಬಿನಲ್ಲೋ ಒಬ್ಬನೇ ಕುಳಿತು ಇಡೀ ವಾದ್ಯವೃಂದದಂತೆ ನುಡಿಸಬಹುದು ಎಂಬುದು ತಯಾರಕರ ಎಣಿಕೆಯಾಗಿತ್ತು. ಅದರ ತೂಕ ಸುಮಾರು 160 ಕಿಲೋಗ್ರಾಂ. 1970ರಲ್ಲಿ ಬಂದ ಎಂ400 ಮಾದರಿಯಲ್ಲಿ ಒಂದೇ ಕೀಲಿಮಣೆ, 35 ಮನೆಗಳು ಮತ್ತು ಬಿಚ್ಚಿ ಬೇರೆಯದನ್ನು ಕೂರಿಸಬಹುದಾದ ಟೇಪಿನ ಚೌಕಟ್ಟು ಇದ್ದವು. ಒಂದು ಟೇಪಿನ ಅಗಲದಲ್ಲಿ ಮೂರು ಬೇರೆ ನಾದಗಳು ಅಕ್ಕಪಕ್ಕ ಮುದ್ರಿತವಾಗಿರುತ್ತಿದ್ದವು. ಹೆಡ್ಡುಗಳನ್ನು ಒಂದು ಗುಂಡಿಯಿಂದ ಸರಿಸಿ ಬೇಕಾದುದನ್ನು ಆರಿಸಿಕೊಳ್ಳಬಹುದಿತ್ತು, ಎರಡರ ನಡುವೆ ನಿಲ್ಲಿಸಿದರೆ ಎರಡೂ ಬೆರೆತು ಕೇಳುತ್ತಿದ್ದವು. ಸುಮಾರು 55 ಕಿಲೋಗ್ರಾಂ ತೂಗುವ ಈ ಬಿಳಿಯ ಪೆಟ್ಟಿಗೆಯೇ 1970ರ ದಶಕದ ವೇದಿಕೆಗಳ ಚಿತ್ರಗಳಲ್ಲಿ ನಮಗೆ ಹೆಚ್ಚಾಗಿ ಕಾಣಸಿಗುವುದು. ಇಂಥವು ಸುಮಾರು 1,800 ತಯಾರಾದವು.

ಒಂದು ಸ್ವರವನ್ನು ಎಷ್ಟು ಹೊತ್ತು ಹಿಡಿಯಬಹುದು?

ಸುಮಾರು 8 ಸೆಕೆಂಡು. ಅಷ್ಟರಲ್ಲಿ ಟೇಪು ಮುಗಿದು ಸ್ವರ ನಿಂತುಹೋಗುತ್ತದೆ. ಈ ಸಂಗೀತವನ್ನು ಅರ್ಥಮಾಡಿಕೊಳ್ಳಲು ಇದೊಂದು ವಿಷಯವನ್ನು ತಿಳಿದಿದ್ದರೆ ಅರ್ಧ ದಾರಿ ಸಾಗಿದಂತೆಯೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಆರ್ಗನ್ನಿನಲ್ಲಿ ಬೆರಳು ಇಟ್ಟಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಮೆಲೊಟ್ರಾನಿನಲ್ಲಿ ಹಾಗಲ್ಲದ ಕಾರಣ ವಾದಕ ಸ್ವರಗುಚ್ಛವನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪನ್ನು, ಬದಲಿಸುತ್ತಲೇ ಇರಬೇಕು. ಒಂದೇ ಗುಚ್ಛವನ್ನು ಮುಂದುವರಿಸಬೇಕಾದರೆ ಅದರ ಸ್ವರಗಳನ್ನು ಒಂದೊಂದಾಗಿ ಬಿಟ್ಟು, ಬೇರೆ ಸ್ಥಾಯಿಯಲ್ಲಿ ಮತ್ತೆ ಹಿಡಿಯುತ್ತ ಬೆರಳುಗಳನ್ನು ಮೆಲ್ಲನೆ ಸರಿಸಬೇಕು. ಟೇಪು ಪ್ರತಿ ಸಲವೂ ಮೊದಲಿನಿಂದಲೇ ಆರಂಭವಾಗುವುದರಿಂದ ಪಿಟೀಲಿನ ಕಮಾನು ತಂತಿಗೆ ತಾಗುವ ಆ ಮೊದಲ ಕ್ಷಣವೂ ಪ್ರತಿ ಸ್ವರದೊಡನೆ ಮರಳಿ ಕೇಳುತ್ತದೆ. ಟೇಪು ಹಿಂದೆ ಸರಿಯುವುದಕ್ಕೆ ಸ್ವಲ್ಪ ಸಮಯ ಬೇಕಾದ್ದರಿಂದ ಶೀಘ್ರಗತಿಯ ನುಡಿಕೆಗೂ ಈ ವಾದ್ಯ ಒಗ್ಗುವುದಿಲ್ಲ. ಹೀಗೆ ವಿಲಂಬಗತಿಯ, ಅಗಲವಾದ, ಏಳುತ್ತ ಬೀಳುತ್ತ ಸಾಗುವ ಸ್ವರಗುಚ್ಛಗಳ ಒಂದು ಶೈಲಿ ಯಂತ್ರದ ಮಿತಿಯಿಂದಲೇ ಹುಟ್ಟಿತು. ಈ ಮಿತಿಯನ್ನು ಒಪ್ಪಿಕೊಂಡು ರಚನೆ ಮಾಡಿದ ಆಲ್ಬಮ್‌ಗಳೇ ಕಾಲದ ಪರೀಕ್ಷೆಯಲ್ಲಿ ಗೆದ್ದಿವೆ.

ಶ್ರುತಿ ಅಲುಗಾಡುವಂತೆ ಕೇಳುವುದು ದೋಷವೇ?

ತಂಬೂರಿಯ ಶ್ರುತಿಗೆ ಹೊಂದಿಕೊಂಡ ಕಿವಿಗೆ ಮೆಲೊಟ್ರಾನಿನ ಸ್ವರ ಮೊದಲಿಗೆ ಅಸ್ಥಿರವೆನಿಸುವುದು ಸಹಜ. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಯಂತ್ರಕ್ಕೆ ಸಂಬಂಧಿಸಿದ್ದು: ಹಲವು ಮನೆಗಳನ್ನು ಒಟ್ಟಿಗೆ ಒತ್ತಿದಾಗ ಮೋಟಾರಿನ ಮೇಲೆ ಹೊರೆ ಹೆಚ್ಚಿ ದಂಡದ ವೇಗ ತಗ್ಗುತ್ತಿತ್ತು. ಕ್ಯಾಸೆಟ್ಟುಗಳ ಕಾಲದಲ್ಲಿ ಟೇಪ್ ರೆಕಾರ್ಡರಿನ ಬ್ಯಾಟರಿ ಸೊರಗಿದಾಗ ಹಾಡಿನ ಶ್ರುತಿ ಇಳಿಯುತ್ತಿದ್ದುದನ್ನು ಕೇಳಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ವೇದಿಕೆಯ ಮೇಲೆ ಬಿಸಿ, ತೇವ ಮತ್ತು ವಿದ್ಯುತ್ತಿನ ಏರುಪೇರುಗಳೂ ಸೇರಿ ವಾದಕರನ್ನು ಬಹಳ ಕಾಡಿದವು.

ಎರಡನೆಯ ಕಾರಣ ಹೆಚ್ಚು ಸ್ವಾರಸ್ಯದ್ದು. ಪ್ರತಿ ಮನೆಯ ಸ್ವರವೂ ಪ್ರತ್ಯೇಕವಾಗಿ ನುಡಿಸಿ ಮುದ್ರಿಸಿದ್ದಾಗಿರುವುದರಿಂದ ಒಂದರ ಕಂಪನ ಇನ್ನೊಂದರ ಕಂಪನಕ್ಕೆ ಹೊಂದುವುದಿಲ್ಲ. ಈ ವಾದ್ಯದ ಅತ್ಯಂತ ಪ್ರಸಿದ್ಧ ನಾದ ಮೂರು ಪಿಟೀಲುಗಳದ್ದು. ಅದರಲ್ಲಿ ಮೂರು ಮನೆಗಳನ್ನು ಒತ್ತಿದರೆ ಒಂಬತ್ತು ಪಿಟೀಲುಗಳು ಒಂದೊಂದೂ ತನ್ನ ಪಾಡಿಗೆ ತಾನು ತುಸು ಏರುತ್ತ ಇಳಿಯುತ್ತ ನುಡಿಯುತ್ತವೆ. ಈ ಸಣ್ಣ ಸಣ್ಣ ವ್ಯತ್ಯಾಸಗಳೇ ಮೆಲೊಟ್ರಾನಿಗೆ ಅದರ ಒರಟು ಮತ್ತು ವಿಷಾದದ ಬಣ್ಣವನ್ನು ಕೊಟ್ಟಿವೆ.

ಇದನ್ನು ಕಂಡುಹಿಡಿದವರು ಯಾರು?

ಮೂಲ ಕಲ್ಪನೆ ಅಮೆರಿಕದ ಕ್ಯಾಲಿಫೋರ್ನಿಯಾದ ಹ್ಯಾರಿ ಚೇಂಬರ್ಲಿನ್ ಅವರದ್ದು. 1940ರ ದಶಕದ ಕೊನೆಯಿಂದಲೇ ಅವರು ತಮ್ಮದೇ ಹೆಸರಿನ ಟೇಪ್ ವಾದ್ಯಗಳನ್ನು ತಯಾರಿಸುತ್ತಿದ್ದರು. ಅವರ ಮಾರಾಟಗಾರನಾಗಿದ್ದ ಬಿಲ್ ಫ್ರಾನ್ಸೆನ್ 1962ರಲ್ಲಿ ಅಂಥ ಎರಡು ವಾದ್ಯಗಳನ್ನು ಇಂಗ್ಲೆಂಡಿಗೆ ತಂದು, ಒಂದೇ ಗುಣಮಟ್ಟದ 70 ಟೇಪ್ ಹೆಡ್‌ಗಳನ್ನು ಮಾಡಿಕೊಡಬಲ್ಲ ಕಂಪನಿ ಬೇಕೆಂದು ಜಾಹೀರಾತು ಕೊಟ್ಟ. ಅದಕ್ಕೆ ಉತ್ತರಿಸಿದವರು ಬರ್ಮಿಂಗ್‌ಹ್ಯಾಮಿನ ಬ್ರಾಡ್ಮ್ಯಾಟಿಕ್ ಕಂಪನಿಯ ಫ್ರಾಂಕ್, ನಾರ್ಮನ್ ಮತ್ತು ಲೆಸ್ಲಿ ಬ್ರಾಡ್ಲಿ ಎಂಬ ಸಹೋದರರು. ಯಂತ್ರವು ಬೇರೊಬ್ಬರ ಸೃಷ್ಟಿ ಎಂಬುದು ಅವರಿಗೆ ಆಗ ತಿಳಿದಿರಲಿಲ್ಲ. ವಿಷಯ ಬಯಲಾದ ಮೇಲೆ ಚೇಂಬರ್ಲಿನ್ ಅವರೊಡನೆ ಒಪ್ಪಂದವಾಯಿತು. ಮಾರಾಟಕ್ಕಾಗಿ ಸ್ಥಾಪಿಸಿದ ಮೆಲೊಟ್ರಾನಿಕ್ಸ್ ಸಂಸ್ಥೆಯಲ್ಲಿ ವಾದ್ಯವೃಂದ ನಿರ್ದೇಶಕ ಎರಿಕ್ ರಾಬಿನ್ಸನ್ ಮತ್ತು ಜಾದೂಗಾರ ಡೇವಿಡ್ ನಿಕ್ಸನ್ ಪಾಲುದಾರರಾಗಿದ್ದರು.

ಮನೆಬಳಕೆಗೆಂದು ಮಾಡಿದ ವಾದ್ಯ ರಾಕ್ ಸಂಗೀತಕ್ಕೆ ಬಂದದ್ದು ಹೇಗೆ?

ಇದರ ಶ್ರೇಯಸ್ಸು ಬಹುಮಟ್ಟಿಗೆ ಮೈಕ್ ಪಿಂಡರ್ ಅವರಿಗೆ ಸಲ್ಲಬೇಕು. ಅವರು ಮೆಲೊಟ್ರಾನ್ ಕಾರ್ಖಾನೆಯಲ್ಲಿ ತಯಾರಾದ ವಾದ್ಯಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದರು. ಆಮೇಲೆ ಮೂಡಿ ಬ್ಲೂಸ್ ತಂಡದಲ್ಲಿದ್ದಾಗ ಡನ್‌ಲಪ್ ಟೈರ್ ಕಾರ್ಖಾನೆಯ ಕಾರ್ಮಿಕರ ಕ್ಲಬ್ಬಿನಲ್ಲಿದ್ದ ಒಂದು ಹಳೆಯ ಮಾರ್ಕ್ 2 ವಾದ್ಯವನ್ನು ಕೊಂಡರು. ಸಿದ್ಧ ತಾಳದ ಟೇಪುಗಳು ಅವರಿಗೆ ಬೇಕಿರಲಿಲ್ಲ. ಅವುಗಳನ್ನು ತೆಗೆದುಹಾಕಿ ಎರಡೂ ಕೀಲಿಮಣೆಗಳಿಗೆ ರಾಗ ನುಡಿಸುವ ನಾದಗಳನ್ನೇ ತುಂಬಿಕೊಂಡರು. ಯಂತ್ರದ ಒಳಗುಟ್ಟು ಬಲ್ಲವರಿಗೆ ಮಾತ್ರ ಸಾಧ್ಯವಾಗುವ ಕೆಲಸವದು. ಬೀಟಲ್ಸ್ ತಂಡಕ್ಕೆ ಈ ವಾದ್ಯವನ್ನು ಪರಿಚಯಿಸಿದವರೂ ಅವರೇ. 1967ರ ಫೆಬ್ರುವರಿಯಲ್ಲಿ ಬಂದ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಹಾಡಿನ ಆರಂಭದಲ್ಲಿ ಪಾಲ್ ಮೆಕಾರ್ಟ್ನಿ ನುಡಿಸಿರುವ ಕೊಳಲಿನ ನಾದ ಮೆಲೊಟ್ರಾನಿನದೇ.

'ಡೇಸ್ ಆಫ್ ಫ್ಯೂಚರ್ ಪಾಸ್ಡ್' ಆಲ್ಬಮ್‌ನಲ್ಲಿ ನಿಜವಾದ ವಾದ್ಯವೃಂದವೇ ಇದೆಯಲ್ಲ?

ಇದೆ. ಮೂಡಿ ಬ್ಲೂಸ್ ತಂಡದ ಈ 1967ರ ಆಲ್ಬಮ್‌ನಲ್ಲಿ ಪೀಟರ್ ನೈಟ್ ನಿರ್ದೇಶಿಸಿದ ವಾದ್ಯವೃಂದ ಹಾಡುಗಳ ನಡುವಿನ ಭಾಗಗಳನ್ನು ನುಡಿಸುತ್ತದೆ. ಆದರೆ ತಂಡವೂ ವಾದ್ಯವೃಂದವೂ ಒಟ್ಟಿಗೆ ನುಡಿಸುವುದು ಬಹಳ ಕಡಿಮೆ, ಹಾಡುಗಳ ಒಳಗೆ ತುಂಬಿಕೊಂಡಿರುವ ತಂತಿವಾದ್ಯಗಳ ನಾದ ಪಿಂಡರ್ ಅವರ ಮೆಲೊಟ್ರಾನಿನದು. 'ನೈಟ್ಸ್ ಇನ್ ವೈಟ್ ಸ್ಯಾಟಿನ್' ಹಾಡನ್ನು ಈ ದೃಷ್ಟಿಯಿಂದ ಮತ್ತೆ ಕೇಳಿದರೆ ಎರಡರ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮುಂದಿನ ಆಲ್ಬಮ್ 'ಇನ್ ಸರ್ಚ್ ಆಫ್ ದಿ ಲಾಸ್ಟ್ ಕಾರ್ಡ್' 1968ರಲ್ಲಿ ಬಂದಾಗ ತಂಡ ಹೊರಗಿನ ವಾದ್ಯವೃಂದವನ್ನು ಕೈಬಿಟ್ಟಿತ್ತು. 1972ರ 'ಸೆವೆಂತ್ ಸೋಜರ್ನ್' ಆಲ್ಬಮ್‌ನ ಹೊತ್ತಿಗೆ ಪಿಂಡರ್ ಅಮೆರಿಕದ ಚೇಂಬರ್ಲಿನ್ ವಾದ್ಯಕ್ಕೆ ಬದಲಾದರು.

ಮೆಲೊಟ್ರಾನನ್ನು ಅರಿಯಲು ಒಂದೇ ಒಂದು ಆಲ್ಬಮ್ ಕೇಳುವುದಾದರೆ ಯಾವುದು?

ಕಿಂಗ್ ಕ್ರಿಮ್ಸನ್ ತಂಡದ 'ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್'. ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ಮುದ್ರಣಗೊಂಡು 1969ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಈ ಆಲ್ಬಮ್‌ನಲ್ಲಿ ಮೆಲೊಟ್ರಾನ್ ನುಡಿಸಿದವರು ಇಯಾನ್ ಮೆಕ್‌ಡೊನಾಲ್ಡ್. ಅವರೇ ಸ್ಯಾಕ್ಸೊಫೋನ್ ಮತ್ತು ಕೊಳಲನ್ನೂ ನುಡಿಸಿದ್ದಾರೆ, ಆದ್ದರಿಂದ ಇಲ್ಲಿ ಕೇಳಿಬರುವ ಕೊಳಲು ಟೇಪಿನದಲ್ಲ, ಉಸಿರಿನದು.

ಮೂಡಿ ಬ್ಲೂಸ್ ತಂಡಕ್ಕೆ ಮೆಲೊಟ್ರಾನ್ ಹಾಡಿಗೆ ಹೊದಿಸಿದ ಒಂದು ಇಂಪಾದ ಹೊದಿಕೆಯಾಗಿತ್ತು. ಕಿಂಗ್ ಕ್ರಿಮ್ಸನ್ ಅದನ್ನು ಹಾಡಿನ ನಡುವಿಗೆ ತಂದಿತು. 'ಎಪಿಟಾಫ್' ಹಾಡಿನಲ್ಲಿ ಡೋಲು ಮತ್ತು ಗಿಟಾರಿನ ಹಿಂದಿನಿಂದ ತಂತಿವಾದ್ಯಗಳ ನಾದ ಏರಿಬಂದು, ನಾಳೆಯ ಬಗ್ಗೆ ಭಯಪಡುವ ಒಂದು ತಲೆಮಾರಿನ ಅಳಲಿಗೆ ಎತ್ತರ ಕೊಡುತ್ತದೆ. ಶೀರ್ಷಿಕೆ ಗೀತೆಯಲ್ಲಿ ಪಲ್ಲವಿಯ ಬಳಿಕ ಬರುವ ಸ್ವರಗುಚ್ಛಗಳು ತಮ್ಮ ಭಾರದಿಂದಲೇ ಮುಂದೆ ಸಾಗುತ್ತವೆ. ಅಲ್ಲಿ ಬೇರೆ ವಾದ್ಯವೃಂದವನ್ನು ಕರೆಸಿದ್ದರೆ ಶ್ರುತಿ ಇನ್ನಷ್ಟು ಶುದ್ಧವಾಗಿರುತ್ತಿತ್ತು, ಆದರೆ ಈ ಕತ್ತಲೆ ಸಿಗುತ್ತಿರಲಿಲ್ಲ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಇದೇ ತಂಡದ 1974ರ 'ರೆಡ್' ಆಲ್ಬಮ್‌ನ ಕೊನೆಯ ರಚನೆ 'ಸ್ಟಾರ್‌ಲೆಸ್' ಇದರ ಜೊತೆಗಿಟ್ಟು ಕೇಳಬೇಕಾದದ್ದು. ಆ ಹೊತ್ತಿಗೆ ಮೂಲ ತಂಡದಿಂದ ಉಳಿದಿದ್ದವರು ರಾಬರ್ಟ್ ಫ್ರಿಪ್ ಒಬ್ಬರೇ, ಮೆಲೊಟ್ರಾನನ್ನೂ ಅವರೇ ನುಡಿಸಿದರು. 12 ನಿಮಿಷಗಳ ಈ ರಚನೆಯ ಆರಂಭದಲ್ಲಿ ಮೆಲೊಟ್ರಾನ್ ಹಾಸಿದ ಸ್ವರಗಳ ಮೇಲೆ ಗಿಟಾರು ನಿಧಾನವಾಗಿ ಒಂದು ರಾಗವನ್ನು ಹಾಡುತ್ತದೆ. ನಡುವಿನ ದೀರ್ಘ ಭಾಗದಲ್ಲಿ ಬಿಗಿ ಹೆಚ್ಚುತ್ತ ಹೋಗಿ, ಅದೇ ರಾಗ ಕೊನೆಗೆ ಪೂರ್ಣ ಶಕ್ತಿಯಿಂದ ಮರಳುತ್ತದೆ. ಐದು ವರ್ಷಗಳ ಅಂತರದ ಈ ಎರಡು ಆಲ್ಬಮ್‌ಗಳನ್ನು ಒಂದೇ ದಿನ ಕೇಳಿದವರಿಗೆ ವಾದ್ಯದ ಬಳಕೆ ಎಷ್ಟು ಮಿತವ್ಯಯದ್ದಾಯಿತೆಂಬುದು ಗೊತ್ತಾಗುತ್ತದೆ.

ಜೆನೆಸಿಸ್ ತಂಡದ 'ಫಾಕ್ಸ್‌ಟ್ರಾಟ್' ಆಲ್ಬಮ್‌ಗೆ ಅಷ್ಟು ಮಹತ್ವ ಏಕೆ?

ಅದರ ಮೊದಲ ಹಾಡು 'ವಾಚರ್ ಆಫ್ ದಿ ಸ್ಕೈಸ್' ಆರಂಭವಾಗುವುದೇ ಮೆಲೊಟ್ರಾನಿನ ಏಕಾಂಗಿ ನುಡಿಕೆಯಿಂದ. ಟೋನಿ ಬ್ಯಾಂಕ್ಸ್ ನುಡಿಸಿದ ಆ ಮಾರ್ಕ್ 2 ವಾದ್ಯವನ್ನು ತಂಡವು ಕಿಂಗ್ ಕ್ರಿಮ್ಸನ್‌ನಿಂದಲೇ ಕೊಂಡಿತ್ತು. ಈ ಆರಂಭದಲ್ಲಿ ನಾನು ಮೆಚ್ಚುವುದು ಬ್ಯಾಂಕ್ಸ್ ಅವರ ಕಿವಿಯನ್ನು. ಯಾವ ಸ್ವರಗುಚ್ಛಗಳು ಆ ವಾದ್ಯದಲ್ಲೇ ವಿಶೇಷವಾಗಿ ಮೊಳಗುತ್ತವೆ ಎಂಬುದನ್ನು ಹುಡುಕಿ, ಅವುಗಳಿಂದಲೇ ಅವರು ಪೀಠಿಕೆ ಕಟ್ಟಿದರು. ಅದೇ ಸ್ವರಗಳನ್ನು ಪಿಯಾನೋದಲ್ಲಿ ನುಡಿಸಿ ನೋಡಿದರೆ ಆ ಗಾಂಭೀರ್ಯ ಬರುವುದಿಲ್ಲ. 1972ರಲ್ಲಿ ಆಲ್ಬಮ್ ಬಂದ ಮೇಲೆ ಈ ಹಾಡು ತಂಡದ ಕಚೇರಿಗಳ ಆರಂಭದ ಹಾಡೂ ಆಯಿತು.

1973ರ 'ಸೆಲ್ಲಿಂಗ್ ಇಂಗ್ಲೆಂಡ್ ಬೈ ದಿ ಪೌಂಡ್' ಆಲ್ಬಮ್‌ನ ಮೊದಲ ಹಾಡಿನಲ್ಲಿ ಎಂ400ರ ವೃಂದಗಾನದ ಟೇಪುಗಳು ಕೇಳಿಬರುತ್ತವೆ. ಮಾನವ ಕಂಠಗಳು ಪದವಿಲ್ಲದೆ ಏಕಾಏಕಿ ಎದ್ದು ನಿಲ್ಲುವ ಆ ಕ್ಷಣ ಪಿಟೀಲುಗಳ ನಾದಕ್ಕಿಂತ ಬೇರೆಯೇ ಆದ ಪರಿಣಾಮವನ್ನುಂಟುಮಾಡುತ್ತದೆ.

ಯೆಸ್ ತಂಡದ ರಿಕ್ ವೇಕ್‌ಮನ್ ಇದನ್ನು ಇಷ್ಟಪಡುತ್ತಿದ್ದರೇ?

ಅವರು ಈ ವಾದ್ಯವನ್ನು ಬಹಳವಾಗಿ ಬಳಸಿದರು ಮತ್ತು ಅದರ ತಾಂತ್ರಿಕ ತೊಂದರೆಗಳಿಂದ ಬಹಳವಾಗಿ ಬೇಸತ್ತರು. ಯೆಸ್ ತಂಡ ಸೇರುವ ಮೊದಲೇ, 1969ರಲ್ಲಿ, ಡೇವಿಡ್ ಬೋವಿಯ 'ಸ್ಪೇಸ್ ಆಡಿಟಿ' ಹಾಡಿಗೆ ಮೆಲೊಟ್ರಾನ್ ನುಡಿಸಿದವರು ವೇಕ್‌ಮನ್. 1972ರ 'ಕ್ಲೋಸ್ ಟು ದಿ ಎಡ್ಜ್' ಆಲ್ಬಮ್‌ನ 'ಆ್ಯಂಡ್ ಯೂ ಆ್ಯಂಡ್ ಐ' ರಚನೆಯಲ್ಲಿ ಸರಳವಾದ ಗಿಟಾರಿನ ಹಾಡು ತಟ್ಟನೆ ವಿಶಾಲವಾಗಿ ತೆರೆದುಕೊಳ್ಳುವುದಕ್ಕೆ ಅವರ ಮೆಲೊಟ್ರಾನ್ ಮುಖ್ಯ ಕಾರಣ. ಮುಂದೆ ಅವರು ಡೇವಿಡ್ ಬಿರೊ ರೂಪಿಸಿದ ಬಿರೊಟ್ರಾನ್ ಎಂಬ ವಾದ್ಯಕ್ಕೆ ಹಣ ಹೂಡಿದರು. ಅದರಲ್ಲಿ ಟೇಪು ಸುತ್ತುತ್ತಲೇ ಇರುವುದರಿಂದ 8 ಸೆಕೆಂಡಿನ ಮಿತಿ ಇರಲಿಲ್ಲ. ಆದರೆ ತಯಾರಾದ ವಾದ್ಯಗಳು ಬೆರಳೆಣಿಕೆಯಷ್ಟು, ಪ್ರಯತ್ನ ಅಲ್ಲಿಗೇ ನಿಂತಿತು.

ಎಲ್ಲ ಪ್ರೋಗ್ರೆಸಿವ್ ತಂಡಗಳೂ ಇದನ್ನು ಬಳಸಿದವೇ?

ಇಲ್ಲ. ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ತಂಡದ ಕೀಲಿಮಣೆ ವಾದಕ ಕೀತ್ ಎಮರ್ಸನ್ ಅವರ ನುಡಿಕೆಯ ಜೀವ ಆರ್ಗನ್ ಮತ್ತು ಮೂಗ್ ಸಿಂಥಸೈಜರಿನ ವೇಗದಲ್ಲಿತ್ತು, ಅದಕ್ಕೆ ಈ ನಿಧಾನದ ವಾದ್ಯ ಹೊಂದುತ್ತಿರಲಿಲ್ಲ.

ಇಂಗ್ಲೆಂಡಿನ ಹೊರಗೆ ಯಾವ ಆಲ್ಬಮ್‌ಗಳನ್ನು ಕೇಳಬೇಕು?

ಇಟಲಿಯಲ್ಲಿ ಪ್ರೆಮಿಯಾತಾ ಫೋರ್ನೆರಿಯಾ ಮಾರ್ಕೋನಿ ತಂಡದ 'ಪೆರ್ ಉನ್ ಅಮೀಕೊ', 1972, ಮತ್ತು ಮುಸೆಯೊ ರೋಸೆನ್‌ಬಾಖ್ ತಂಡದ 'ಜರಾಥುಸ್ತ್ರ', 1973. ಮೊದಲನೆಯದರಲ್ಲಿ ಮೆಲೊಟ್ರಾನ್ ಗಿಟಾರು, ಕೊಳಲು, ಪಿಟೀಲುಗಳ ನಡುವೆ ಹಿತವಾಗಿ ಬೆರೆತಿದೆ. ಎರಡನೆಯದರಲ್ಲಿ ಅದು ಭಾರವಾದ ರಾಕ್ ನುಡಿಕೆಗೆ ಎದುರಾಗಿ ನಿಲ್ಲುತ್ತದೆ.

ಜರ್ಮನಿಯ ಟ್ಯಾಂಜರಿನ್ ಡ್ರೀಮ್ ತಂಡದ್ದು ಕಟ್ಟುನಿಟ್ಟಾಗಿ ರಾಕ್ ಸಂಗೀತವಲ್ಲವಾದರೂ 1974ರ 'ಫೀಡ್ರಾ' ಆಲ್ಬಮ್ ಅನ್ನು ಬಿಟ್ಟು ಈ ವಾದ್ಯದ ಬಗ್ಗೆ ಮಾತನಾಡಲಾಗದು. ಅದರಲ್ಲಿನ 'ಮಿಸ್ಟೀರಿಯಸ್ ಸೆಂಬ್ಲೆನ್ಸ್ ಅಟ್ ದಿ ಸ್ಟ್ರ್ಯಾಂಡ್ ಆಫ್ ನೈಟ್‌ಮೇರ್ಸ್' ಎಂಬ ರಚನೆಯಲ್ಲಿ ಎಡ್ಗರ್ ಫ್ರೋಸ ಅವರ ಮೆಲೊಟ್ರಾನೇ ಪ್ರಧಾನ. ತಾಳವಾದ್ಯದ ಆಸರೆಯೂ ಇಲ್ಲದೆ ಸುಮಾರು 10 ನಿಮಿಷ, 8 ಸೆಕೆಂಡಿನ ಟೇಪುಗಳಿಂದ, ಎಲ್ಲಿಯೂ ಕಡಿಯದಂತೆ ತೋರುವ ಒಂದು ಪ್ರವಾಹವನ್ನು ಅವರು ನಿರ್ಮಿಸಿದ್ದಾರೆ. ಮಿತಿಯನ್ನು ಮೀರದೆ ಅದರೊಳಗೇ ದುಡಿದು ಗೆದ್ದ ನುಡಿಕೆಗೆ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ಕಾಣುವುದಿಲ್ಲ.

ಕಡಿಮೆ ಪ್ರಸಿದ್ಧವಾದ ಇಂಗ್ಲಿಷ್ ಆಲ್ಬಮ್‌ಗಳಲ್ಲಿ ಯಾವುವು ಗಮನಾರ್ಹ?

1971ರಲ್ಲಿ ಸ್ಪ್ರಿಂಗ್ ಎಂಬ ತಂಡ ತನ್ನದೇ ಹೆಸರಿನ ಆಲ್ಬಮ್ ತಂದಿತು. ಅದರಲ್ಲಿ ಮೂವರು ಸದಸ್ಯರು ಮೆಲೊಟ್ರಾನ್ ನುಡಿಸಿದ್ದಾರೆ. ವಾದ್ಯದ ನಾದದಲ್ಲೇ ಮುಳುಗಬೇಕೆನ್ನುವವರಿಗೆ ಇದು ಯೋಗ್ಯ. 1977ರಲ್ಲಿ ಇಂಗ್ಲೆಂಡ್ ಎಂಬ ಹೆಸರಿನ ತಂಡದ 'ಗಾರ್ಡನ್ ಶೆಡ್' ಬಂತು. ಅದರ ಕೀಲಿಮಣೆ ವಾದಕ ರಾಬರ್ಟ್ ವೆಬ್ ಸಾಗಣೆಗೆ ಅನುಕೂಲವಾಗಲೆಂದು ಮಾರ್ಕ್ 2 ವಾದ್ಯವನ್ನು ಎರಡಾಗಿ ಕೊಯ್ದಿದ್ದರು. ಅಷ್ಟು ಕಷ್ಟಪಟ್ಟದ್ದಕ್ಕೆ ತಕ್ಕ ಸಂಗೀತ ಆ ಆಲ್ಬಮ್‌ನಲ್ಲಿದೆ.

ಹಳೆಯ ಆಲ್ಬಮ್‌ನಲ್ಲಿ ಪಿಟೀಲುಗಳ ಗುಂಪಿನ ನಾದ ಕೇಳಿದರೆ ಅದು ಮೆಲೊಟ್ರಾನೇ ಎಂದು ತಿಳಿಯುವುದು ಹೇಗೆ?

ಈ ವಿಷಯದಲ್ಲಿ ಗೊಂದಲ ಸಾಮಾನ್ಯ. 1970ರ ದಶಕದ ನಡುವಿನಿಂದ ಸೋಲಿನಾದಂಥ ವಿದ್ಯುನ್ಮಾನ ವಾದ್ಯಗಳು ಪಿಟೀಲುಗಳ ಗುಂಪಿನಂಥ ನಾದವನ್ನು ಕೊಡತೊಡಗಿದವು. ಪಿಂಕ್ ಫ್ಲಾಯ್ಡ್ ತಂಡದ 1975ರ 'ವಿಷ್ ಯೂ ವರ್ ಹಿಯರ್' ಆಲ್ಬಮ್‌ನ ಆರಂಭದಲ್ಲಿ ಹರಡಿಕೊಳ್ಳುವ ಸ್ವರ ಅಂಥ ವಾದ್ಯದ್ದು. ಇವುಗಳ ನಾದ ನಯವಾಗಿ, ಎಲ್ಲ ಸ್ವರಗಳಲ್ಲೂ ಒಂದೇ ಬಗೆಯಾಗಿ ಮಿನುಗುತ್ತದೆ ಮತ್ತು ಬೆರಳಿಟ್ಟಷ್ಟು ಹೊತ್ತು ನಿಲ್ಲುತ್ತದೆ. ಮೆಲೊಟ್ರಾನಿನಲ್ಲಿ ಸ್ವರದ ಆರಂಭ ಒರಟು, ಎತ್ತರದ ಸ್ವರಗಳಿಗೂ ತಗ್ಗಿನ ಸ್ವರಗಳಿಗೂ ಬಣ್ಣದಲ್ಲಿ ವ್ಯತ್ಯಾಸ, ಹಿನ್ನೆಲೆಯಲ್ಲಿ ಟೇಪಿನ ಸಣ್ಣ ಸದ್ದು. ಒಂದೇ ಸ್ವರ 8 ಸೆಕೆಂಡನ್ನು ಸ್ಪಷ್ಟವಾಗಿ ಮೀರಿ ನಿಂತಿದ್ದರೆ ಅದು ಬೇರೆ ವಾದ್ಯವೆಂದು ಬಹುಮಟ್ಟಿಗೆ ನಿರ್ಧರಿಸಬಹುದು.

ಮೆಲೊಟ್ರಾನ್ ಮರೆಯಾದದ್ದು ಏಕೆ, ಮರಳಿ ಬಂದದ್ದು ಹೇಗೆ?

ಹಗುರವೂ ಅಗ್ಗವೂ ಆದ ಸೋಲಿನಾ ಮತ್ತು ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಬಲ್ಲ ಸಿಂಥಸೈಜರುಗಳು ಬಂದ ಮೇಲೆ ಭಾರವಾದ ಟೇಪ್ ವಾದ್ಯವನ್ನು ಊರಿಂದೂರಿಗೆ ಹೊರುವವರು ಕಡಿಮೆಯಾದರು. ಅಮೆರಿಕದ ವಿತರಕ ಸಂಸ್ಥೆಯ ದಿವಾಳಿಯಿಂದ ಬ್ರಾಡ್ಲಿ ಕುಟುಂಬ ಮೆಲೊಟ್ರಾನ್ ಎಂಬ ಹೆಸರಿನ ಹಕ್ಕನ್ನೂ ಕಳೆದುಕೊಂಡು, ಅದೇ ವಾದ್ಯವನ್ನು ನೊವಾಟ್ರಾನ್ ಎಂಬ ಹೆಸರಿನಲ್ಲಿ ಮಾರಬೇಕಾಯಿತು. ವಾದ್ಯವನ್ನು ತಯಾರಿಸುತ್ತಿದ್ದ ಅವರ ಸ್ಟ್ರೀಟ್ಲಿ ಎಲೆಕ್ಟ್ರಾನಿಕ್ಸ್ ಕಂಪನಿ 1986ರಲ್ಲಿ ಮುಚ್ಚಿತು.

ಮರಳುವಿಕೆಯಲ್ಲಿ ಸ್ವೀಡನ್ನಿನ ತರುಣ ತಂಡಗಳ ಪಾತ್ರ ದೊಡ್ಡದು. ಎಂಗ್ಲಗೋರ್ಡ್ ತಂಡದ 'ಹೈಬ್ರಿಸ್' 1992ರಲ್ಲಿ, ಅನೆಕ್ಡೋಟೆನ್ ತಂಡದ 'ವೇಮೋಡ್' 1993ರಲ್ಲಿ ಬಂದವು. ಪ್ರೋಗ್ರೆಸಿವ್ ರಾಕ್ ಮುಗಿದ ಅಧ್ಯಾಯವೆಂದು ಬಹಳ ಮಂದಿ ಭಾವಿಸಿದ್ದ ಕಾಲದಲ್ಲಿ ಈ ಎರಡು ಆಲ್ಬಮ್‌ಗಳು ಹಳೆಯ ಟೇಪುಗಳಿಂದ ಹೊಸ ಸಂಗೀತ ಸಾಧ್ಯವೆಂದು ತೋರಿಸಿದವು. 2003ರಲ್ಲಿ ಅದೇ ದೇಶದ ಒಪೆತ್ ತಂಡ ತನ್ನ ಉಗ್ರ ಶೈಲಿಯನ್ನು ಬದಿಗಿಟ್ಟು ಮಾಡಿದ 'ಡ್ಯಾಮ್ನೇಷನ್' ಆಲ್ಬಮ್‌ನಲ್ಲಿ ಸ್ಟೀವನ್ ವಿಲ್ಸನ್ ಮೆಲೊಟ್ರಾನ್ ನುಡಿಸಿದರು. ಹೊಸ ಕೇಳುಗರಲ್ಲಿ ಅನೇಕರು ಈ ಬಾಗಿಲಿನಿಂದಲೇ ಒಳಬಂದಿದ್ದಾರೆ. ಲೆಸ್ಲಿ ಬ್ರಾಡ್ಲಿ ಅವರ ಮಗ ಜಾನ್ ಬ್ರಾಡ್ಲಿ ಮತ್ತು ಮಾರ್ಟಿನ್ ಸ್ಮಿತ್ ಸೇರಿ ಸ್ಟ್ರೀಟ್ಲಿ ಹೆಸರನ್ನು ಮತ್ತೆ ಎತ್ತಿಹಿಡಿದು, 2007ರಲ್ಲಿ ಎಂ4000 ಎಂಬ ಹೊಸ ಟೇಪ್ ವಾದ್ಯವನ್ನು ತಂದರು.

ಗಣಕದಲ್ಲಿ ಸಿಗುವ ಮೆಲೊಟ್ರಾನ್ ನಾದದಿಂದ ಅದೇ ಸಂಗೀತ ಮಾಡಬಹುದೇ?

ನಾದದ ಮಟ್ಟಿಗೆ ಬಹಳ ಹತ್ತಿರ ಹೋಗಬಹುದು, ಏಕೆಂದರೆ ಅವು ಮೂಲ ಟೇಪುಗಳಿಂದಲೇ ಪ್ರತಿ ಮಾಡಿದವು. ಆದರೆ ಕೆಲವು ತಂತ್ರಾಂಶಗಳು ಸ್ವರವನ್ನು ಮುಗಿಯದಂತೆ ಸುತ್ತಿಸುವ ಅನುಕೂಲವನ್ನೂ ಕೊಡುತ್ತವೆ. ಆ ಅನುಕೂಲವನ್ನು ಬಳಸಿದೊಡನೆ ಬೆರಳುಗಳು ಸೋಮಾರಿಯಾಗಿ, ಸ್ವರಗುಚ್ಛ ಇದ್ದಲ್ಲೇ ಉಳಿದುಬಿಡುತ್ತದೆ. ನುಡಿಸುವವರಿಗೆ ನನ್ನ ಸಲಹೆ ಇಷ್ಟೇ: ಸುತ್ತಿಸುವ ವ್ಯವಸ್ಥೆಯನ್ನು ನಿಲ್ಲಿಸಿ, 35 ಮನೆಗಳೊಳಗೇ ಉಳಿದು, 'ಎಪಿಟಾಫ್' ಹಾಡಿನ ಜೊತೆಗೆ ನುಡಿಸುತ್ತ ಮೆಕ್‌ಡೊನಾಲ್ಡ್ ಯಾವ ಬೆರಳನ್ನು ಯಾವಾಗ ಎತ್ತುತ್ತಾರೆಂಬುದನ್ನು ಕಿವಿಯಿಂದ ಹಿಡಿಯಲು ಪ್ರಯತ್ನಿಸಿ.